ಬದುವಿನ ಹುಲ್ಲು

ಗೇಟಿನ ಹತ್ತಿರ ತಪಾಸಣೆ ಅಧಿಕಾರಿಯ ಬೈಕ್ ನಿಂತಿದ್ದಕ್ಕೂ, ನನ್ನ ಕಣ್ಣು ಹೊಲದ ಬದುವಿನ ಕಡೆ ಹೋಗಿದ್ದಕ್ಕೂ ಸರಿಹೋಯಿತು. ನಿನ್ನೆ ಸಂಜೆಯವರೆಗೂ ಸೊಂಟದೆತ್ತರ ತೂಗುತ್ತಿದ್ದ ಹುಲ್ಲಿಲ್ಲ, ಹಳದಿ ಹೂವಿಲ್ಲ. ಬದು ಆಗತಾನೇ ಕ್ಷೌರ ಮಾಡಿಸಿಕೊಂಡ ತಲೆಯ ಹಾಗೆ ನುಣ್ಣಗಿತ್ತು.

"ಅಪ್ಪಾ, ಇದೇನು ಮಾಡಿಬಿಟ್ಟೆ?"

ಹುಲ್ಲು ಕತ್ತರಿಸೋ ಮೆಷಿನ್ ಒರೆಸುತ್ತಾ ಅಪ್ಪ ಬೀಗಿದ. "ಬರೋರು ಬರೋ ಹೊತ್ತಿಗೆ ಕಾಡು ಬೆಳೆಸ್ಕೊಂಡು ಕೂತಿರೋಕಾಗುತ್ತಾ? ಬೆಳಿಗ್ಗೆ ಎದ್ದವನೇ ಮುಗಿಸಿದೆ."

"ಅವರು ಬರ್ತಿರೋದು ತಪಾಸಣೆಗೆ!"

"ಯಾತಕ್ಕೆ ಬರ್ತಾರೆ ಅಂತ ನಂಗೆ ಗೊತ್ತಿಲ್ವೇನಮ್ಮ? ಹೋದ ಸಲ ಅಳತೆ ಮುಗಿದ ಮೇಲೂ ನೀವಿಬ್ರೂ ಟೇಪು ಹಿಡ್ಕೊಂಡೇ ನಿಂತಿದ್ರಲ್ಲ!"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮದು ಸಾವಯವ ಹೊಲ. ಬದುವಿನಲ್ಲಿ ಹುಲ್ಲು, ಹೂವು ಬೆಳೆಯಲು ಬಿಟ್ಟು, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮರಿ ಹಾರುವ ತನಕ ಅದನ್ನು ಮುಟ್ಟದಿದ್ದರೆ ಸರ್ಕಾರ ಪ್ರತಿ ವರ್ಷ ಸಹಾಯಧನ ಕೊಡುತ್ತದೆ. ಅದರ ಬಲದಿಂದಲೇ ನಾವು ರಾಸಾಯನಿಕ ಗೊಬ್ಬರದ ಅಂಗಡಿಯ ಕಡೆ ತಲೆ ಹಾಕದೆ ಉಳಿದಿದ್ದೇವೆ. ಅಪ್ಪನಿಗೆ ಇದು ತಿಳಿಯದ್ದೇನಲ್ಲ. ಅಳಿಯನಾಗುವವನು ಬರುತ್ತಾನೆಂಬ ಸಡಗರದಲ್ಲಿ ಎಲ್ಲ ಮರೆತಿದ್ದ. ಒಂದು ಗೂಡಿನ ಸುತ್ತ ಮಾತ್ರ ಹಿಡಿ ಹುಲ್ಲು ಬಿಟ್ಟಿದ್ದ, ಪುಣ್ಯಾತ್ಮ.

ಅಧಿಕಾರಿ ಗೇಟಿನಿಂದ ನಡೆದು ಬಂದ. ಅವನಿಗೆ ನಾನಿಟ್ಟ ಹೆಸರು ಟೇಪ್ ಸಾಹೇಬರು. ಹೋದ ಸಲ ಬದು ಅಳೆಯುವಾಗ ಟೇಪಿನ ತುದಿ ನನ್ನ ಕೈಗೆ ಕೊಟ್ಟು, "ಸಡಿಲ ಬಿಡಬೇಡಿ" ಅಂದಿದ್ದ. ಮನಸ್ಸಿನಲ್ಲಿ ನಾನಿನ್ನೂ ಅದನ್ನು ಹಿಡಿದೇ ಇದ್ದೆ.

ಇವತ್ತು ಅವನು ಟೇಪು ತೆಗೆಯಲೇ ಇಲ್ಲ. ಬದು ನೋಡಿದ. ನನ್ನನ್ನು ನೋಡಿದ. ಆ ನೋಟ ನನ್ನ ಹಣೆಯ ಮೇಲೆ ಜಾರಿದ್ದ ಕೂದಲಿನ ಹತ್ತಿರ ಒಂದು ಕ್ಷಣ ತಡೆದು, ನಾಚಿಕೊಂಡು ನೆಲಕ್ಕಿಳಿಯಿತು.

"ಸಾರ್, ಕ್ಲೀನಾಗಿದ್ಯಾ?" ಅಪ್ಪ ದೂರದಿಂದ ಕೂಗಿದ.

"ತುಂಬಾ ಕ್ಲೀನಾಗಿದೆ," ಅಂದ ಅವನು. ದನಿಯಲ್ಲಿ ಜೀವವಿರಲಿಲ್ಲ.

ನಾನು ಹತ್ತಿರ ಹೋದೆ. "ನೋಡದ ಹಾಗೆ ಇದ್ದುಬಿಡೋಕಾಗಲ್ವಾ?" ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ನೀವು ಕೇಳಿದ್ರೆ ಆಗಿಬಿಡುತ್ತೆ, ಅದೇ ಭಯ," ಅಂದ. "ಆಮೇಲೆ ನಾನು ಏನೇ ಹೇಳಿದ್ರೂ, ಈ ಉಪಕಾರಕ್ಕೆ ಪ್ರತಿಯಾಗಿ ಕೇಳ್ತಿದ್ದಾನೆ ಅಂತ ನಿಮಗನ್ಸುತ್ತೆ."

"ಏನು ಹೇಳೋದಿತ್ತು?"

ಅವನ ಕಿವಿ ಕೆಂಪಾಯಿತು. ಫೋನ್ ತೆಗೆದು ಕಚೇರಿಗೆ ಕರೆ ಮಾಡಿದ. ಆಯಿತು, ಸಹಾಯಧನವೂ ಹೋಯಿತು, ಇವನೂ ಹೋದ ಅಂದುಕೊಂಡೆ.

"ಮೇಡಂ, ಈ ಹೊಲದ ತಪಾಸಣೆ ನಾನು ಮಾಡೋ ಹಾಗಿಲ್ಲ. ಶುರು ಮಾಡಿಲ್ಲ. ಬೇರೆಯವರನ್ನ ಕಳಿಸಿ."

ಅವನ ಮೇಲಧಿಕಾರಿಯ ಗಂಟಲು ನನಗೂ ಕೇಳುವಷ್ಟು ದೊಡ್ಡದು. "ಯಾಕ್ರೀ? ಸಂಬಂಧಿಕರ ಹೊಲ ಆದ್ರೆ ಮಾತ್ರ ಹಾಗೆ ಬಿಡಬಹುದು. ನಿಮಗೇನು ಸಂಬಂಧ ಅಲ್ಲಿ?"

ಅವನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ. ನನ್ನನ್ನೇ ನೋಡುತ್ತಿದ್ದ. ಈ ಸಲ ಕಣ್ಣು ಎಲ್ಲಿಗೂ ಜಾರಲಿಲ್ಲ. ನನಗಾಗಿ ಸುಳ್ಳು ಹೇಳಲು ಒಲ್ಲದವನು ನನಗಾಗಿಯೇ ಸಿಕ್ಕಿಬಿದ್ದು ಒದ್ದಾಡುತ್ತಿದ್ದ. ಅದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದಾಗಲಿಲ್ಲ. ಇಷ್ಟಪಟ್ಟರೆ ಇಂಥವನನ್ನೇ ಇಷ್ಟಪಡಬೇಕು ಅನ್ನಿಸಿತು. ಫೋನ್ ಕಿತ್ತುಕೊಂಡೆ.

"ಮೇಡಂ, ನಾನು ಈ ಹೊಲದವರ ಮಗಳು. ಬದುವಿನ ಹುಲ್ಲನ್ನ ನಮ್ಮಪ್ಪ ಬೆಳಿಗ್ಗೆ ಕತ್ತರಿಸಿದ್ದಾರೆ. ತಪ್ಪು ನಮ್ಮದೇ."

ಆ ಕಡೆ ಒಂದು ನಿಟ್ಟುಸಿರು. "ತಪಾಸಣೆಗೆ ಮೊದಲೇ ನೀವಾಗಿ ಹೇಳಿದ್ರಿ, ಬಚಾವಾದ್ರಿ. ಆ ಬದುವಿನ ದುಡ್ಡು ಮಾತ್ರ ಕಟ್ಟಾಗುತ್ತೆ, ಉಳಿದದ್ದು ಬರುತ್ತೆ. ಸರಿ, ಇವರ ಸಂಬಂಧದ ವಿಷಯ?"

"ಅದೂ ಇದೆ. ಬರ್ಕೊಳ್ಳಿ."

"ಏನಂತ?"

"ನಮ್ಮಪ್ಪನ ಅಳಿಯ ಅಂತ."

"ಮದುವೆ ಆಗಿದ್ದು ಯಾವಾಗ್ರೀ?"

"ಇನ್ನೂ ಇಲ್ಲ. ಈಗ ಕೇಳ್ತಿದ್ದೀನಿ, ಒಂದು ನಿಮಿಷ ಇರಿ," ಅಂದು ಅವನ ಕಡೆ ತಿರುಗಿದೆ.

ಅವನು ಬ್ಯಾಗಿನಿಂದ ಟೇಪು ತೆಗೆದು, ಅದರ ತುದಿಯನ್ನು ನನ್ನ ಅಂಗೈಗಿಟ್ಟು ಬೆರಳು ಮಡಚಿದ.

"ಸಡಿಲ ಬಿಡಬೇಡ," ಅಂದ.