ಸೊಂಟದಲ್ಲಿ ತಪ್ಪಿದ ಎರಡಿಂಚು

"ಮಾಸ್ತರು ತಪ್ಪು ಒಪ್ಪಿಕೊಂಡಾರ್ರಿ ಮೇಡಂ. ಅದಕ್ಕ ನನಗ ಅನುಮಾನ," ಎಂದರು ಲಾಲಬೀ, ಕುರ್ಚಿಯಲ್ಲಿ ಕೂರುವ ಮೊದಲೇ.

2007ರ ಬೇಸಿಗೆ. ಬಳ್ಳಾರಿ ಕಂಟೋನ್ಮೆಂಟಿನ ಸುಧಾರಾಣಿ ಮೇಡಂ ಮನೆಯ ಕಿಟಕಿ ಮುಚ್ಚಿದ್ದರೂ ಅದಿರು ಲಾರಿಗಳ ಕೆಂಪು ಧೂಳು ಮೇಜಿನ ಮೇಲೆ ಕೂತಿತ್ತು. ಒರೆಸುತ್ತಿದ್ದ ಗಾದೆಪ್ಪನ ಕೈ ನಿಂತಿತು. ಮೇಡಂ ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಾಗ ಅವನು ಲ್ಯಾಬ್ ಅಟೆಂಡರ್. ಇಬ್ಬರೂ ನಿವೃತ್ತರಾದ ಮೇಲೆ ಊರಿನ ಒಗಟುಗಳು ಈ ಮನೆಗೆ ಬರತೊಡಗಿದವು. ಮೇಡಂ ಎಲ್ಲಿಗೆ ಹೊರಟರೂ ಸ್ಕೂಟರ್ ಗಾದೆಪ್ಪನದೇ.

ಲಾಲಬೀಯವರದು ಜೀನ್ಸ್ ಹೊಲಿಯುವ ಕಾರ್ಖಾನೆ. ಬಟ್ಟೆ ಕತ್ತರಿಸುವ ಶೆಡ್ಡು ಕುರುಗೋಡಿನಲ್ಲಿ. ಅಲ್ಲಿನ ಕಂಪ್ಯೂಟರ್ ಕಾಗದದ ಮೇಲೆ ಅಳತೆ ಬಿಡಿಸಿಕೊಡುತ್ತಿತ್ತು, ಅದರಂತೆ ಕತ್ತರಿಸುವವರು ಇಮಾಮಸಾಬ್ ಮಾಸ್ತರು. ಪ್ರೋಗ್ರಾಂ ಬರೆದವಳು ಅವರ ಮಗಳು ಇರ್ಫಾನಾ. ಕಳೆದ ವಾರ ಕತ್ತರಿಸಿದ ಆರುನೂರು ಪ್ಯಾಂಟುಗಳೂ ಸೊಂಟದಲ್ಲಿ ಎರಡಿಂಚು ಬಿಗಿಯಾಗಿದ್ದವು. "ನನ್ನ ಕೈ ತಪ್ಪೈತಿ," ಎಂದು ಇಮಾಮಸಾಬ್ ಕತ್ತರಿ ಕೆಳಗಿಟ್ಟಿದ್ದರು.

"ಕೈ ತಪ್ಪಿದ್ರ ಒಂದು ಹೆಚ್ಚು, ಒಂದು ಕಮ್ಮಿ ಆಕ್ಕೈತಿ," ಎಂದರು ಮೇಡಂ. "ಆರುನೂರೂ ಒಂದ ಸಮ ತಪ್ಪಂಗಿಲ್ಲ. ಗಾದೆಪ್ಪ, ಸ್ಕೂಟರ್ ತಗಿ."

ಶೆಡ್ಡಿನ ಬೀಗ ತೆಗೆದವನು ಮ್ಯಾನೇಜರ್ ಪಂಪಣ್ಣ. "ನಾ ಇದರ ಹತ್ರ ಸುಳಿಯಂಗಿಲ್ರಿ, ಮೌಸ್ ಹಿಡಿಯಾಕೂ ಬರಂಗಿಲ್ಲ," ಎಂದು ನಕ್ಕು, ದನಿ ತಗ್ಗಿಸಿದ. "ಆ ಹುಡುಗಿಗೆ ಬ್ಯಾರೆ ಕಡಿ ಕೆಲಸ ಸಿಕ್ಕೈತಂತ. ಹೋಗೋ ಮುಂಚೆ ಏನರ ಮಾಡಿರಬೇಕು."

ಅಪ್ಪನ ಜೊತೆ ಹಿಂದೆಯೇ ಬಂದು ನಿಂತಿದ್ದ ಇರ್ಫಾನಾ ತಲೆ ಎತ್ತಲಿಲ್ಲ. ಇಮಾಮಸಾಬ್ ಮಗಳನ್ನು ಬಿಟ್ಟು ಬೇರೆ ಯಾರನ್ನೂ ನೋಡಲಿಲ್ಲ. ಅಪ್ಪ ಮಗಳು ಇಬ್ಬರೂ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ಗಾದೆಪ್ಪನಿಗೆ ಖಾತ್ರಿಯಾಯಿತು.

"ನಾ ಬರದದ್ದರಾಗ ಒಂದಕ್ಷರ ಬದಲಾಗಿಲ್ರಿ, ತಾಳೆ ನೋಡೀನಿ," ಎಂದಳು ಇರ್ಫಾನಾ.

"ನೀ ಬರದದ್ದನ್ನ ಯಂತ್ರಕ್ಕ ತಿಳಿಯೋಹಂಗ ತಿರುಗಿಸೋ ಕಂಪೈಲರ್ ಯಾವುದವ್ವ?" ಎಂದರು ಮೇಡಂ.

"ಮೂರನೇ ಆವೃತ್ತಿರಿ. ನಮ್ಮ ಬಳ್ಳಾರಿ ಆಫೀಸಿನ್ಯಾಗೂ ಅದ ಐತಿ."

ಮೇಡಂ ಕಂಪೈಲರ್ ಕಟ್ಟಿಕೊಟ್ಟ ಸಿದ್ಧ ಪ್ರೋಗ್ರಾಂ ಅನ್ನೇ ತೆರೆದರು. ಕಸದಂಥ ಅಕ್ಷರಗಳ ನಡುವೆ ಗಾದೆಪ್ಪನಿಗೆ ಓದಲು ಬಂದದ್ದು ಒಂದೇ ಅಂಕಿ: 4.1. ಆಮೇಲೆ ಮೇಡಂ ಕಂಪ್ಯೂಟರ್ ಪಕ್ಕದಲ್ಲಿದ್ದ ಸಿ.ಡಿ. ಕವರನ್ನು ಅಂಗೈಗೆ ಕೊಡವಿದರು. ಒಂದಿಷ್ಟು ಬತ್ತದ ಹೊಟ್ಟು ಉದುರಿತು.

"ಇದು ಎಲ್ಲಿಂದ ಬಂತು ಗಾದೆಪ್ಪ?"

"ಇಷ್ಟು ಹೊಟ್ಟು ಹಾರೋದು ಸಿರುಗುಪ್ಪದ ಗಿರಣಿ ಬೀದಿಯಾಗ್ರಿ."

ಮರುದಿನ ಬೆಳಿಗ್ಗೆ ಇಬ್ಬರೂ ಸಿರುಗುಪ್ಪದಲ್ಲಿದ್ದರು. ಅಕ್ಕಿ ಗಿರಣಿಗೆ ಅಂಟಿಕೊಂಡು ಹೊಸದೊಂದು ಜೀನ್ಸ್ ಶೆಡ್ಡು ಎದ್ದಿತ್ತು. ಕಸ ಗುಡಿಸುತ್ತಿದ್ದ ಹುಲುಗಮ್ಮ ಹೇಳಿದಳು: "ಮಾಲಕರ ಭಾವ ಬಂದು ಕಂಪ್ಯೂಟರ್ ಜೋಡಿಸಿ ಕೊಟ್ಟಾರ್ರಿ. ಹೆಸರು ಗೊತ್ತಿಲ್ಲ." ಹೊಚ್ಚ ಹೊಸ ಯಂತ್ರ. ಅದರ ಕಂಪೈಲರ್ 4.1.

ಮಧ್ಯಾಹ್ನ ಕುರುಗೋಡಿನ ಶೆಡ್ಡಿನಲ್ಲಿ ಎಲ್ಲರೂ ಸೇರಿದರು.

"ಕಂಪೈಲರ್ ತಾನು ಕಟ್ಟಿದ್ದರೊಳಗ ತನ್ನ ಆವೃತ್ತಿ ಬರದಿಟ್ಟು ಹೋಗತೈತಿ," ಎಂದರು ಮೇಡಂ. "ಈ ಪ್ರೋಗ್ರಾಂ ಕಟ್ಟಿದ್ದು ಇಲ್ಲಿನ ಕಂಪೈಲರ್ ಅಲ್ಲ, ಬ್ಯಾರೆ."

"ನಾ ಅಂದಿಲ್ಲೇನ್ರಿ? ಈಕಿನೇ ಹೊಸ ಕಂಪೈಲರ್ ತಂದು ಮಾಡ್ಯಾಳ!" ಎಂದ ಪಂಪಣ್ಣ.

"ಬ್ಯಾರೆ ಅಂದೆ, ಹೊಸದು ಅಂದಿಲ್ಲ. ಮೌಸ್ ಹಿಡಿಯಾಕ ಬರದವರಿಗೆ ಅದು ಹೆಂಗ ಗೊತ್ತಾತು?"

ಪಂಪಣ್ಣ ಬಾಗಿಲ ಕಡೆ ಸರಿದ. ಸಿರುಗುಪ್ಪದ ಶೆಡ್ಡು ನಿನ್ನ ಹೆಂಡತಿಯ ತಮ್ಮನದಲ್ಲವೇ ಎಂದು ಲಾಲಬೀ ಕೇಳಿದ ಮೇಲೆ ಎಲ್ಲ ಹೊರಬಿತ್ತು. ಇರ್ಫಾನಾ ಬರೆದದ್ದನ್ನು ನಕಲು ಮಾಡಿ ಕದ್ದು ಒಯ್ಯುವ ಆತುರದಲ್ಲಿ ಇಲ್ಲಿದ್ದ ಸಿದ್ಧ ಪ್ರೋಗ್ರಾಂ ಅನ್ನು ಅವನು ಅಳಿಸಿಬಿಟ್ಟಿದ್ದ. ಗಾಬರಿಯಾಗಿ, ಸಿರುಗುಪ್ಪದಲ್ಲಿ ಕಟ್ಟಿದ್ದನ್ನೇ ಸಿ.ಡಿ.ಯಲ್ಲಿ ತಂದು ಹಾಕಿದ್ದ. ಲಾಲಬೀ ಕೈ ಚಾಚಿ ಬೀಗದ ಕೈ ಇಸಿದುಕೊಂಡರು.

"ಆದ್ರ ಅಳತೆ ಯಾಕ ತಪ್ಪಿತ್ರಿ?" ಗಾದೆಪ್ಪನಿಗೆ ತಡೆಯಲಾಗಲಿಲ್ಲ.

ಮೇಡಂ ಇರ್ಫಾನಾ ಕಡೆ ತಿರುಗಿದರು. "ಕಳವು ಅವನದು. ತಪ್ಪು ನಿನ್ನದೂ ಐತವ್ವ. ಕಂಪೈಲರ್ ಯಾವುದು ಅಂತ ಕೇಳಿ ಕೆಲಸ ಹಚ್ಚೋ ಬಿಲ್ಡ್ ಸ್ಕ್ರಿಪ್ಟಿನ್ಯಾಗ ಏನು ಬರದಿ? ಮೂರು ಅಂದ್ರ ಹೊಸದು, ಉಳಿದದ್ದೆಲ್ಲ ಹಳೇದು. ನಾಲ್ಕು ಬಂದಾಗ ಅದನ್ನೂ ಹಳೇದು ಅಂತ ತಿಳದು ಹಳೇ ಲೆಕ್ಕದ ದಾರಿ ಹಿಡೀತು. ಆ ಲೆಕ್ಕದಾಗ ತುಂಡಿಗೆ ಅರ್ಧ ಇಂಚು ಬಿಟ್ಟುಹೋಗತೈತಿ. ಪ್ಯಾಂಟಿನ ಸೊಂಟಕ್ಕ ಹಿಂದ ಎರಡು, ಮುಂದ ಎರಡು ತುಂಡು. ನಾಲ್ಕು ಅರ್ಧ ಕೂಡಿದ್ರ ಎರಡಿಂಚು."

ಇರ್ಫಾನಾಳ ಕಣ್ಣು ತುಂಬಿತು. "ಹೌದ್ರಿ. ನಾಲ್ಕು ಬಂದೀತು ಅಂತ ಎಣಿಸಿರಲಿಲ್ಲ."

"ಮತ್ತ ನೀವ್ಯಾಕ ಮೈಮ್ಯಾಲ ಹಾಕ್ಕೊಂಡ್ರಿ ಮಾಸ್ತರ?" ಎಂದರು ಲಾಲಬೀ.

ಇಮಾಮಸಾಬ್ ತಮ್ಮ ಬೆರಳುಗಳನ್ನು ನೋಡಿಕೊಂಡರು. "ಕಾಗದ ಮುಟ್ಟಿದ ಕೂಡ್ಲೆ ಕಮ್ಮಿ ಐತಿ ಅಂತ ಗೊತ್ತಾಗಿತ್ತವ್ವ. ಇಪ್ಪತ್ತೈದು ವರ್ಷದ ಕೈ. ಆದ್ರ ಓದಿದ ಮಗಳ ಲೆಕ್ಕ, ನಾ ಏನು ಕೇಳಲಿ ಅಂತ ಸುಮ್ಮನ ಕತ್ತರಿಸಿದೆ. ಕೇಳದ ಇದ್ದದ್ದು ನನ್ನ ತಪ್ಪಲ್ಲೇನು?"

ಇರ್ಫಾನಾ ಕಣ್ಣೊರೆಸಿಕೊಂಡು ಕಂಪ್ಯೂಟರ್ ಮುಂದೆ ಕೂತಳು. ಇಮಾಮಸಾಬ್ ಹಿಂದೆ ಬಂದು ನಿಂತರು.

"ಏನು ಬರೀತಿ ಬೇಟಿ?"

"ಗುರುತಿಲ್ಲದ ಆವೃತ್ತಿ ಬಂದ್ರ ಸುಮ್ಮನ ಮುಂದಕ್ಕ ಹೋಗಬ್ಯಾಡ, ನಿಂತು ಕೇಳು ಅಂತ, ಅಬ್ಬಾ."

"ಬರಿ," ಎಂದರು ಇಮಾಮಸಾಬ್. "ಅದು ನನಗೂ ಹೇಳಿದಂಗ ಐತಿ."