ಪಾರವ್ವನ ಅಂಗೈ

“ಏಳಪ್ಪಾ ಮುರಿಗೆಪ್ಪ, ಎದ್ದು ಕೂಡು. ಪೂಜಿ ಮಾಡಿ ಔಷಧ ತಗೋ,” ಎನ್ನುತ್ತ ಯಮನವ್ವ ಮಗನ ಬೆನ್ನಿಗೆ ಕೈ ಹಾಕಿದಳು. ಪಾರವ್ವ ಓಡಿಬಂದು ಅತ್ತೆಯ ಕೈ ಹಿಡಿದೇಬಿಟ್ಟಳು! ಯಮನವ್ವನ ಬಾಯಿಗೆ ಇಡೀ ಕೊಣ್ಣೂರೇ ಹೆದರುತ್ತಿತ್ತು. ಮದುವೆಯಾಗಿ ಹನ್ನೊಂದು ವರ್ಷ ಈ ಸೊಸೆ ಅವಳೆದುರು ತಲೆ ಎತ್ತಿದ್ದಿಲ್ಲ.

ಅದು ೧೯೪೯. ಮುರಿಗೆಪ್ಪನನ್ನು ಮಿರಜಿನ ಆಸ್ಪತ್ರೆಗೆ ತಂದು ವಾರವಾಗಿತ್ತು. ಅನ್ನನಾಳದಲ್ಲಿ ಕ್ಯಾನ್ಸರ್ ಎಂದು ಡಾಕ್ಟರರು ಎದೆ ಸೀಳಿ ಗಡ್ಡೆ ತೆಗೆದು, ಹೊಟ್ಟೆಗೆ ರಬ್ಬರಿನ ನಳಿಕೆ ಇಟ್ಟಿದ್ದರು. ಗೆದ್ದೆವು ಅಂದುಕೊಳ್ಳುವಷ್ಟರಲ್ಲಿ, ಆಪರೇಶನ್ನಾದ ಮೂರನೆಯ ದಿನ ಬೆಳಿಗ್ಗೆ ಗುಂಡಿಗೆಯೇ ತಾಳ ತಪ್ಪಿ ಓಡತೊಡಗಿತು. ಎಬ್ಬಿಸಿ ಕೂಡಿಸಬೇಡಿ, ಕೈ ಕೂಡ ಎತ್ತಗೊಡಬೇಡಿ, ನಳಿಕೆಯಲ್ಲಿ ಬಿಡುವ ಗುಂಡಿಗೆಯ ಔಷಧ ತಪ್ಪಿದರೆ ಮುಂದಿನದು ನಮ್ಮ ಕೈಯಲ್ಲಿಲ್ಲ ಎಂದು ಡಾಕ್ಟರರು ಹೇಳಿಹೋಗಿದ್ದರು.

ಆದರೆ ಮುರಿಗೆಪ್ಪ ಲಿಂಗಪೂಜೆಯಿಲ್ಲದೆ ಹನಿ ನೀರು ಮುಟ್ಟಿದವನಲ್ಲ. ಎರಡು ದಿನ ಎಚ್ಚರವಿಲ್ಲದಾಗ ನಡೆದದ್ದು ನಡೆಯಿತು. ಈಗ ನಳಿಕೆಯನ್ನು ಬೆರಳಲ್ಲಿ ಹಿಸುಕಿ ಹಿಡಿದುಕೊಂಡುಬಿಟ್ಟಿದ್ದ. ಪೂಜೆಗೆ ಎದ್ದರೆ ಗುಂಡಿಗೆ ನಿಲ್ಲುತ್ತದೆ, ಏಳದಿದ್ದರೆ ಔಷಧವಿಲ್ಲ... ಅಯ್ಯೋ, ಪಾರವ್ವ ಏನು ಮಾಡಿಯಾಳು!

ಅವಳು ಗಂಡನ ಕೊರಳ ಶಿವದಾರದ ವಸ್ತ್ರ ಬಿಚ್ಚಿ, ಲಿಂಗವನ್ನು ತನ್ನ ಎಡ ಅಂಗೈಯಲ್ಲಿ ಇಟ್ಟುಕೊಂಡಳು. ಒಬ್ಬರ ಲಿಂಗ ಇನ್ನೊಬ್ಬರ ಅಂಗೈ ಏರಬಾರದೆಂಬುದು ಆ ಮನೆಯ ಕಟ್ಟುನಿಟ್ಟು. ಯಮನವ್ವನ ಮುಖ ಕಪ್ಪಿಟ್ಟಿತು.

“ಇದನ್ನ ಮಾಡಿದ್ರ ಕೊಣ್ಣೂರ ಮನಿ ಹೊಸ್ತಿಲಾ ತುಳೀಬ್ಯಾಡ ನೀ.”

“ತುಳಿಯೂದಿಲ್ರಿ ಅತ್ತಿ. ಇವರು ತುಳದ್ರ ಸಾಕ್ರಿ ನನಗ.”

ನೀರು ಹನಿಸಿದಳು, ವಿಭೂತಿ ಇಟ್ಟಳು, ಗಂಡನ ಕಣ್ಣೆದುರು ಹಿಡಿದಳು. ಅವನು ಬಹಳ ಹೊತ್ತು ಲಿಂಗವನ್ನು ನೋಡಿದ. ಆಮೇಲೆ ಹೆಂಡತಿಯ ಮುಖ ನೋಡಿದ. ನಳಿಕೆ ಹಿಡಿದ ಬೆರಳು ಸಡಿಲಾದವು... ನರ್ಸಮ್ಮ ಔಷಧ ಬಿಟ್ಟಳು. ಸಂಜೆಯವರೆಗೂ ಪಾರವ್ವ ಅವನ ನಾಡಿ ಬಿಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅದು ಸಮನಾಗತೊಡಗಿತು. ಅತ್ತೆ ಗೋಡೆಗೆ ಮುಖ ಮಾಡಿಯೇ ಕೂತಿದ್ದಳು. ಮೂಡಲಗಿಯ ತವರಿಗೆ ಹೋಗಿಬಿಡುವುದೇ ಸೈ ಎಂದು ಪಾರವ್ವ ಮನಸ್ಸು ಗಟ್ಟಿ ಮಾಡಿಕೊಂಡಳು. ಸಂಕಟವಾಯಿತು, ಪಶ್ಚಾತ್ತಾಪವಾಗಲಿಲ್ಲ.

ಮರುದಿನ ಪೂಜೆಯ ಹೊತ್ತಿಗೆ ಯಮನವ್ವ ಜಳಕ ಮಾಡಿ ಬಂದಳು. ಲಿಂಗ ಹಿಡಿದ ಸೊಸೆಯ ಅಂಗೈ ಕೆಳಗೆ ತನ್ನ ಅಂಗೈ ಒಡ್ಡಿದಳು.

“ಗಟ್ಟಿ ಹಿಡಿ. ಊರಿಗೆ ಹೋದ ಮ್ಯಾಲೂ ನೀನ ಹಿಡೀಬೇಕು.”

ಅಷ್ಟು ದಿನ ತಡೆದುಕೊಂಡಿದ್ದ ಪಾರವ್ವ ಅತ್ತೆಯ ಎದುರೇ ಬಿಕ್ಕಿ ಬಿಕ್ಕಿ ಅತ್ತಳು.