ತಾನಾಗಿಯೇ ತೆರೆದುಕೊಂಡ ಝಡ್ ಡ್ರೈವ್

ಕಂಪ್ಯೂಟರ್ ರಿಪೇರಿಯ ಲತೇಶನ ಚಪ್ಪಲಿ ಸದ್ದು ಕೇಳಿದರೆ ಸಾಕು, ಠಾಣೆಯ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಅರ್ಧ ಕಂಪ್ಯೂಟರುಗಳು ಹೆದರಿ ತಾವೇ ಸರಿಯಾಗುತ್ತಿದ್ದವು. ನಂಬಿಕೆ ಬಾರದಿದ್ದರೆ ಉಳಿದರ್ಧವನ್ನು ಕೇಳಿ ನೋಡಿ. ಅವನಿಗೆ ಪೂರ್ತಿ ಮಣಿಯದ್ದು ಒಂದೇ ಒಂದು, ಅವನು ಕೆಲಸ ಮಾಡುವ ಕಂಪನಿಯದೇ ಡಿಸೈನ್ ವಿಭಾಗದ ಶ್ರದ್ಧಾಳ ಕಂಪ್ಯೂಟರ್.

ಅದಕ್ಕೆ ವಿಪರೀತ ಅವಸರ. ಆಫೀಸಿನ ಫೈಲುಗಳೆಲ್ಲ ಇದ್ದದ್ದು ಒಳಕೋಣೆಯ ಸರ್ವರಿನಲ್ಲಿ. ಎಲ್ಲರ ಪರದೆಯ ಮೇಲೂ ಅದರ ಹೆಸರು ಝಡ್ ಡ್ರೈವ್. ಬೆಳಿಗ್ಗೆ ನೆಟ್‌ವರ್ಕ್ ಇನ್ನೂ ಕಣ್ಣುಜ್ಜುತ್ತಿರುವಾಗಲೇ ಈ ಕಂಪ್ಯೂಟರ್ ಸರ್ವರಿನ ಬಾಗಿಲು ಬಡಿದು, ಯಾರೂ ಓಗೊಡಲಿಲ್ಲವೆಂದು ಮುನಿಸಿಕೊಂಡು, ಝಡ್ ಡ್ರೈವಿನ ಮೇಲೆ ಕೆಂಪು ಗುರುತು ಹಾಕಿ ಕೂರುತ್ತಿತ್ತು. ಶ್ರದ್ಧಾ ಇಂಟರ್‌ಕಾಮ್ ಎತ್ತುತ್ತಿದ್ದಳು. ಡೊಂಬಿವಲಿಯ ಲೋಕಲ್ ರೈಲಿನಲ್ಲಿ ಹಿಂಡಿಹೋಗಿ ಬಂದ ಲತೇಶ್, ತಲೆ ಬಾಚಿಕೊಂಡು ಹಾಜರಾಗುತ್ತಿದ್ದ.

ಅವಳು ಕುರ್ಚಿಯನ್ನು ಒಂದಿಷ್ಟೇ ಸರಿಸುತ್ತಿದ್ದಳು. ಅವನು ಬಾಗಿ ಮೌಸ್ ಒತ್ತಿದೊಡನೆ ಡ್ರೈವ್ ತೆರೆಯುತ್ತಿತ್ತು.

"ನಿಮ್ಮ ಕೈಗುಣ ಮಾರಾಯ್ರೆ. ನನ್ನ ಮಾತು ಇದು ಕೇಳುವುದೇ ಇಲ್ಲ."

ಹೇಳಿ ಒಮ್ಮೆ ಓರೆಯಾಗಿ ನೋಡುತ್ತಿದ್ದಳು. ಆ ನೋಟಕ್ಕೆ ನಿಲ್ಲಬಾರದ ಸ್ಟೇಷನ್ನಿನಲ್ಲಿ ಫಾಸ್ಟ್ ಲೋಕಲ್ ಕೂಡ ಕೆಂಪು ಸಿಗ್ನಲ್ ಇಲ್ಲದೆ ನಿಂತೀತು. ಬಡಪಾಯಿ ಲತೇಶ್ ಯಾವ ಲೆಕ್ಕ?

ಮನಸ್ಸಿನ ಮಾತು ಹೇಳುವ ಮೊದಲು ಏನಾದರೂ ಸಾಹಸ ಮಾಡಿ ತೋರಿಸಬೇಕೆಂದು ಅವನಿಗೆ ಹುಕಿ ಬಂತು. ಅವಳ ಹುಟ್ಟುಹಬ್ಬದ ಹಿಂದಿನ ಸಂಜೆ ಅವಳ ಕಂಪ್ಯೂಟರಿನಲ್ಲಿ ಪುಟ್ಟದೊಂದು ಪ್ರೋಗ್ರಾಂ ಬರೆದಿಟ್ಟ: ಕಂಪ್ಯೂಟರ್ ಆನ್ ಆದ ಮೇಲೆ, ನೆಟ್‌ವರ್ಕ್ ಏಳುವ ತನಕ ಕಾದು, ಆಮೇಲೆ ಡ್ರೈವನ್ನು ತಾನೇ ಜೋಡಿಸುವಂಥದ್ದು. ಮರುದಿನ ಝಡ್ ಡ್ರೈವ್ ತಾನಾಗಿ ತೆರೆದುಕೊಂಡಿತು. "ಇನ್ನು ನನ್ನನ್ನು ಕರೆಯುವ ಕೆಲಸವೇ ಇಲ್ಲ," ಎಂದು ಅವನು ಎದೆಯುಬ್ಬಿಸಿದ.

"ಒಳ್ಳೇದಾಯ್ತು," ಎಂದಳು ಶ್ರದ್ಧಾ. ಅವಳ ಮುಖ ಬಾಡಿದ್ದನ್ನು ನಮ್ಮ ಶೂರ ಬೆರಗೆಂದುಕೊಂಡ.

ಅಲ್ಲಿಂದ ಇಂಟರ್‌ಕಾಮ್ ಸತ್ತಂತೆ ಬಿದ್ದಿತ್ತು. ಕಂಪ್ಲೇಂಟ್ ಇಲ್ಲದೆ ಹುಡುಗಿಯೊಬ್ಬಳ ಮೇಜಿನ ಬಳಿ ನಿಲ್ಲಲು ಅವನಿಗೆ ಧೈರ್ಯ ಸಾಲಲಿಲ್ಲ. ಮಳೆಗಾಲ ಕಳೆಯಿತು, ದೀಪಾವಳಿಯೂ ಕಳೆಯಿತು. ಒಂದು ಬೆಳಿಗ್ಗೆ ಇಂಟರ್‌ಕಾಮ್‌ನಲ್ಲಿ ಅವಳ ದನಿ: "ಝಡ್ ಡ್ರೈವ್ ಬರ್ತಾ ಇಲ್ಲ. ಒಮ್ಮೆ ಬನ್ನಿ."

ತಲೆ ಬಾಚುವುದನ್ನೂ ಮರೆತು ಓಡಿದ. ನೋಡಿದರೆ, ನೆಟ್‌ವರ್ಕ್ ಕೇಬಲ್ ಮೇಜಿನಡಿ ಕಳಚಿ ಬಿದ್ದಿತ್ತು.

"ಯಾರು ತೆಗೆದದ್ದು?"

"ನಾನೇ. ಇಲ್ಲದಿದ್ದರೆ ನೀವು ಬರ್ತಿರಲಿಲ್ಲ."

ನೆರೂಳಿನ ಹೋಟೆಲಿನವರ ಮಗನೊಂದಿಗೆ ನಿಶ್ಚಿತಾರ್ಥವಾಗಿದೆಯೆಂದೂ ಕೆಲಸಕ್ಕೆ ಇದೇ ಕೊನೆಯ ದಿನವೆಂದೂ ಅವಳು ಕೀಬೋರ್ಡಿಗೆ ಹೇಳುವಂತೆ ಹೇಳಿದಳು. ಆ ಸಂಬಂಧವನ್ನು ಏನೇನೋ ನೆವ ಹೇಳಿ ಅವಳು ತಿಂಗಳುಗಟ್ಟಲೆ ಮುಂದೂಡಿದ್ದಳಂತೆ.

"ದಿನಾ ಬಂದು ಬಂದು ನಿಮಗೆ ಸಾಕಾಯ್ತು, ಅದಕ್ಕೇ ಸರಿ ಮಾಡಿಟ್ಟು ಹೋದಿರಿ ಅಂದ್ಕೊಂಡೆ. ಆಮೇಲೆ ಮನೆಯಲ್ಲಿ ಹೂಂ ಅಂದುಬಿಟ್ಟೆ."

"ನಿಮಗೆ ಖುಷಿ ಆಗ್ಲಿ ಅಂತ ಮಾಡಿದ್ದು, ಶ್ರದ್ಧಾ. ನಾನು ನಿಮ್ಮನ್ನು..."

"ಬೇಡ. ಈಗ ಹೇಳಿದರೆ ನನಗೆ ಹೋಗ್ಲಿಕ್ಕೆ ಕಷ್ಟ ಆಗ್ತದೆ."

ಲತೇಶ್ ಮೊಣಕಾಲೂರಿ ಮೇಜಿನಡಿ ತೂರಿದ. ಮಗು ಕೂಡ ಸಿಕ್ಕಿಸಬಲ್ಲ ಕೇಬಲ್ ಅದು. ಕೈಯಲ್ಲಿ ಹಿಡಿದುಕೊಂಡೇ ಕೂತ. ಮೇಲಿನಿಂದ ಅವಳೂ ಅವಸರಪಡಿಸಲಿಲ್ಲ. ಡಿಸೈನ್ ವಿಭಾಗದವರೆಲ್ಲ ಊಟಕ್ಕೆ ಎದ್ದು ಹೋದರೂ ಅವನು ಹೊರಬರಲಿಲ್ಲ, ಅವಳು ಕುರ್ಚಿ ಸರಿಸಲಿಲ್ಲ.